ಬಲಗಡೆಗೇ ತಿರುಗುವ ಕಾರು

ಆ ಕಾರು ಅಫಜಲಪುರದ ನಮ್ಮ ಮನೆಗೆ ಬಂದ ದಿನ ಅತ್ತೆ ಅದನ್ನು ಮುಂದಿನಿಂದ ನೋಡಿದಳು, ಹಿಂದಿನಿಂದ ನೋಡಿದಳು, ಆಮೇಲೆ ಮಗನನ್ನು ಕೇಳಿದಳು: "ಉಳಿದದ್ದು ಯಾವಾಗ ಬರ್ತದೋ?"

ಕೇಳಿದ್ದು ತಪ್ಪಲ್ಲ. ಆ ಕಾರಿಗೆ ಹಿಂದಿನ ಸೀಟು ಇರಲಿಲ್ಲ. ತಲೆಯ ಮೇಲೆ ತಗಡಿನ ಬದಲು ಮಡಚಿಡುವ ಬಟ್ಟೆ. ನೆಲಕ್ಕೆ ಎಷ್ಟು ಹತ್ತಿರ ಎಂದರೆ ನಮ್ಮ ಎಮ್ಮೆ ಅದರ ಮೇಲೆ ಗದ್ದ ಇಟ್ಟು ಮೆಲುಕು ಹಾಕಬಹುದಿತ್ತು. ಎರಡನೆಯ ದಿನ ಹಾಕಿತು ಕೂಡ. ಬಣ್ಣ ಮಾತ್ರ ಒಣಮೆಣಸಿನಕಾಯಿ ರಾಶಿಯ ಹಾಗೆ ಕೆಂಪು. ಅದಕ್ಕೊಂದು ವಿಲಾಯತಿ ಹೆಸರಿತ್ತು. ನನ್ನ ನಾಲಿಗೆಗೆ ಅದು ಎಂದೂ ಹೊರಳಲಿಲ್ಲ.

"ಇಷ್ಟೇ ಯವ್ವಾ," ಎಂದರು ನಮ್ಮ ಮನೆಯವರು. "ಇದು ಸ್ಪೋರ್ಟ್ಸ್ ಕಾರು. ಇಬ್ಬರಿಗಂತ ಮಾಡಿದ್ದು."

"ಇಬ್ಬರಿಗಂತ ಯಾರರೆ ಬಂಡಿ ಮಾಡ್ತಾರೇನೋ? ಅವರಿಗೆ ಮನೀಮಂದಿ ಇಲ್ಲೇನು?"

ಸೊಲ್ಲಾಪುರದ ಒಬ್ಬ ಡಾಕ್ಟರನ ಕಾರು ಅದು. ಡಾಕ್ಟರನಿಗೆ ಸೊಂಟನೋವು ಬಂದು, ಅದರೊಳಗೆ ಕೂತರೆ ಎಬ್ಬಿಸಲು ಇಬ್ಬರು ಕಂಪೌಂಡರುಗಳು ಬೇಕಾಗುತ್ತಿದ್ದರಂತೆ. ಅದಕ್ಕೇ ಮಾರಿದ. ಡಾಕ್ಟರನೇ ಹೆದರಿ ಬಿಟ್ಟದ್ದನ್ನು ಉಳಿದವರು ಮುಟ್ಟಬಾರದು ಎಂಬ ಬುದ್ಧಿ ನಮ್ಮವರಿಗೆ ಹೊಳೆಯಲಿಲ್ಲ. ಒಂದು ವರ್ಷದ ತೊಗರಿ ಆ ಕಾರಿಗೆ ಹೋಯಿತು. ಅವರಿಗೆ ಆಗ ನಲವತ್ತು ದಾಟಿತ್ತು. ಆ ವಯಸ್ಸಿಗೆ ಕೆಲವರು ಇಸ್ಪೀಟು ಹಿಡಿಯುತ್ತಾರೆ, ಕೆಲವರು ಭಜನೆ ಹಿಡಿಯುತ್ತಾರೆ, ಇವರು ಕಾರು ಹಿಡಿದರು. ಇದು ಎಂಬತ್ತರ ಆಸುಪಾಸಿನ ಮಾತು.

ನನಗೆ ಕಾರಿನ ಹುಚ್ಚು ಇರಲಿಲ್ಲ. ನನಗಿದ್ದ ಲೆಕ್ಕವೇ ಬೇರೆ. ಆಳಂದದಿಂದ ಮದುವೆಯಾಗಿ ಈ ಮನೆಗೆ ಬಂದು ಹದಿನೆಂಟು ವರ್ಷವಾಗಿತ್ತು. ಈ ಹದಿನೆಂಟು ವರ್ಷದಲ್ಲಿ ಅತ್ತೆಯ ಬೆನ್ನು ನೋಡದೆ ನಾನು ಎಲ್ಲಿಗೂ ಹೋದವಳಲ್ಲ. ಸಂತೆಗೆ ಹೋದರೆ ಅವಳು ಮುಂದೆ, ನಾನು ಹಿಂದೆ. ಮದುವೆಗೆ ಹೋದರೂ ಹಾಗೆ. ತವರಿಗೆ ಹೋಗುವಾಗ ಕೂಡ ಬಸ್ಸಿನ ತನಕ ಬಂದು, ಯಾವ ಸೀಟಿನಲ್ಲಿ ಕೂಡಬೇಕು ಎಂದು ಹೊರಗಿನಿಂದ ಕೈ ತೋರಿಸುತ್ತಿದ್ದಳು. ಹೀಗಿರುವಾಗ ಇಬ್ಬರೇ ಕೂಡುವ ಕಾರು ಎಂದರೆ ಏನು? ಮೂರನೆಯವಳು ಕೂಡಲಾಗದ ಕಾರು. ಇದು ನನಗೆ ಅವತ್ತು ಸಂಜೆಯೇ ತಿಳಿಯಿತು. ಅತ್ತೆಗೆ ತಿಳಿಯಲು ಒಂದು ವಾರ ಹಿಡಿಯಿತು.

ನಮ್ಮವರದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ಗುರುವಾರ ರಜೆ. ಗುರುವಾರ ಮಧ್ಯಾಹ್ನ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಆ ಕಾರಿನಲ್ಲಿ ಕೂತು ಹೋಗಿ, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ಇಷ್ಟೇ ನನಗೆ ಬೇಕಾಗಿದ್ದದ್ದು. ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ಡಬ್ಬಿ ಸುತ್ತುವ ಆಟವನ್ನು ನಮ್ಮವರ ತಲೆಯಲ್ಲಿ ಹಾಕಿದವನು ಕಾರಿನ ಮಿಸ್ತ್ರಿ. ಹೈದರಾಬಾದಿನ ಗ್ಯಾರೇಜಿನಲ್ಲಿ ಇದ್ದು ಬಂದಿದ್ದ ಸಾಬ. ಕನ್ನಡವನ್ನು ಉರ್ದುವಿನ ಎಣ್ಣೆ ಹಾಕಿ ಮಾತಾಡುತ್ತಿದ್ದ.

"ಇದು ಬಾಜಾರಕ್ಕ ಹೋಗೂ ಗಾಡಿ ಅಲ್ಲ ಸಾವಕಾರ್ರ," ಅಂದ. "ಇದರ ಜಾನ್ ತಿರುವಿನಾಗ ಅದ. ಮೈದಾನದಾಗ ಡಬ್ಬಿ ಇಡ್ತಾರ. ಒಬ್ಬೊಬ್ಬರೇ ಗಾಡಿ ಹೊಡಿಯೂದು. ಡಬ್ಬಿ ಬೀಳಬಾರದು, ಹಾದಿ ತಪ್ಪಬಾರದು. ಘಡಿ ಹಿಡಕೊಂಡು ಟೈಮ್ ನೋಡ್ತಾರ. ಯಾರು ಜಲ್ದಿ ಬರ್ತಾರ ಅವರದು ಕಪ್. ಈ ಸಲ ಥಂಡಿ ದಿನದಾಗ ಗುಲ್ಬರ್ಗಾದಾಗ ಇಡಾಕತ್ತಾರ."

"ಎದುರಿಗೆ ಯಾರೂ ಬರೂದಿಲ್ಲ?" ಎಂದು ಕೇಳಿದರು ನಮ್ಮವರು.

"ಡಬ್ಬಿ ಬಿಟ್ರ ಯಾರೂ ಇಲ್ಲ."

ನಮ್ಮವರಿಗೆ ಇದು ಬಹಳ ಹಿಡಿಸಿತು. ಡಬ್ಬಿಯ ಜೊತೆ ಜಗಳವಾಡಿ ಗೆಲ್ಲಬಹುದು ಎಂಬ ಧೈರ್ಯ ಯಾವ ಗಂಡಸಿಗೂ ಇರುತ್ತದೆ.

ಗಾಣಗಾಪುರದ ರಸ್ತೆಗೆ ಹತ್ತಿಕೊಂಡು ನಮ್ಮದೊಂದು ಮಡ್ಡಿ ಹೊಲವಿತ್ತು. ಬರೀ ಗರಸು, ಏನೂ ಬೆಳೆಯುತ್ತಿರಲಿಲ್ಲ. ಅಲ್ಲಿ ಅಭ್ಯಾಸ ಮಾಡುವುದೆಂದು ತೀರ್ಮಾನವಾಯಿತು. ಎಣ್ಣೆಯ ಖಾಲಿ ಡಬ್ಬಿ ಕೇಳಿದರೆ ಅತ್ತೆ ಕೊಡಲಿಲ್ಲ. "ಒಂದ್ರಾಗ ಉಪ್ಪ ಅದ, ಒಂದ್ರಾಗ ಹುಣಸಿಹಣ್ಣ ಅದ, ನಿನ್ನ ಆಟಕ್ಕ ಮನಿ ಖಾಲಿ ಮಾಡ್ಲೇನು?" ಅಂದಳು. ಹಾಗಾಗಿ ಮಿಸ್ತ್ರಿ ಹೊಲದಲ್ಲಿದ್ದ ಒಂಬತ್ತು ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಸುಣ್ಣ ಬಳಿದ. ನಡುವಿನದು ಮಂಡಿಯೆತ್ತರದ ದೊಡ್ಡ ಕಲ್ಲು. ಅವುಗಳ ನಡುವೆ ಹಾವು ಹರಿದ ಹಾಗೆ ಒಂದನ್ನು ಎಡಕ್ಕೆ ಬಿಟ್ಟು, ಒಂದನ್ನು ಬಲಕ್ಕೆ ಬಿಟ್ಟು ಹೋಗಿ, ಹಾಗೇ ಮರಳಿ ಬರಬೇಕು.

"ಆಕಿನ್ನ ಯಾಕ ಕರಕೊಂಡು ಹೊಂಟಿ?" ಎಂದು ಅತ್ತೆ ಮೊದಲ ಗುರುವಾರವೇ ತಡೆದಳು.

"ಟೈಮ್ ನೋಡಾಕ ಒಬ್ಬರು ಬೇಕಲ್ಲ ಯವ್ವಾ."

"ನಾ ನೋಡ್ತೇನಿ."

"ನಿನಗ ಗಡಿಯಾರ ಬರ್ತದೇನು?"

ಅತ್ತೆಗೆ ಬರುತ್ತಿರಲಿಲ್ಲ. ನಾನು ಮೂರನೇ ಇಯತ್ತೆ ಕಲಿತವಳು. ಮುಳ್ಳು ಎಲ್ಲಿದೆ ಎಂದು ಹೇಳುವಷ್ಟು ಬರುತ್ತಿತ್ತು. ಶಾಲೆಯಿಂದ ನನಗೆ ಆದ ಲಾಭ ಎಂದರೆ ಇದೊಂದೇ.

ಮೊದಲ ದಿನ ನಮ್ಮವರು ಒಂಬತ್ತರಲ್ಲಿ ಐದು ಕಲ್ಲಿಗೆ ಗುದ್ದಿದರು. ಡಬ್ಬಿಯಾದರೆ ಬೀಳುತ್ತದೆ, ಕಲ್ಲು ಬೀಳುವುದಿಲ್ಲ, ಕಾರೇ ತಗ್ಗುತ್ತದೆ. ಮಿಸ್ತ್ರಿ ತಲೆಗೆ ಕೈ ಹಚ್ಚಿ ಕೂತ. ಒಳಗೆ ಕೂತವನಿಗೆ ತನ್ನ ಗಾಲಿ ಕಾಣುವುದಿಲ್ಲ, ಹೊರಗೆ ನಿಂತು ನೋಡಿದರೆ ತಿಳಿಯುತ್ತದೆ ಎಂದು ಅವನೇ ಉಪಾಯ ಹೇಳಿದ. ಹೊರಗೆ ನಿಂತು ನೋಡುವವರು ನಮ್ಮವರು ಎಂದಾದರೆ ಒಳಗೆ ಕೂತು ಹೊಡೆಯುವವರು ಯಾರು? ಮಿಸ್ತ್ರಿಗೆ ಕೊಡಲು ನಮ್ಮವರಿಗೆ ಮನಸ್ಸಿಲ್ಲ. ಉಳಿದವಳು ನಾನು.

"ಅಮ್ಮಾ, ಕ್ಲಚ್ ಪೂರಾ ಒತ್ರಿ, ಆಹಿಸ್ತಾ ಬಿಡ್ರಿ. ಹಾಲಿನ ಗಡಿಗಿ ಇಳಿಸಿದಂಗ," ಎಂದ ಮಿಸ್ತ್ರಿ.

ತವರಿನಲ್ಲಿ ಬಂಡಿ ಹೊಡೆದವಳು ನಾನು. ಎತ್ತಿಗೆ ತನ್ನದೇ ಮನಸ್ಸಿರುತ್ತದೆ, ಕಾರಿಗೆ ಇಲ್ಲ, ಅಷ್ಟರಮಟ್ಟಿಗೆ ಸುಲಭ. ನಾಲ್ಕು ಗುರುವಾರಗಳಲ್ಲಿ ಕಲಿತೆ. ಜೋರಾಗಿ ಹೊಡೆಯುತ್ತಿರಲಿಲ್ಲ. ನಮ್ಮವರು ನನ್ನ ಗಾಲಿ ನೋಡಿ ತಮ್ಮ ತಪ್ಪು ತಿದ್ದಿಕೊಂಡರು. ನಾನು ಹೊಡೆಯುತ್ತಿದ್ದೇನೆ ಎಂಬುದನ್ನು ಇಬ್ಬರೂ ಮನೆಯಲ್ಲಿ ಹೇಳಲಿಲ್ಲ.

ಆದರೆ ಗುರುವಾರವೇ ಅಭ್ಯಾಸಕ್ಕೆ ಹೋದದ್ದು ತಪ್ಪಾಯಿತು. ಗುರುವಾರ ಗಾಣಗಾಪುರದ ದೇವರ ವಾರ, ಆ ರಸ್ತೆಯಲ್ಲಿ ನಡೆದು ಹೋಗುವ ಭಕ್ತರು ಇರುವೆಯ ಸಾಲು. ಅವರಿಗೆ ಕಂಡದ್ದು ಏನು? ಒಬ್ಬ ಸಾವಕಾರ, ಪಕ್ಕದಲ್ಲಿ ಸೆರಗು ಹೊದ್ದ ಹೆಂಡತಿ, ಹೊಸದೊಂದು ಕೆಂಪು ಕಾರು, ಸುಣ್ಣ ಬಳಿದ ಕಲ್ಲು. ಆ ಕಲ್ಲಿನ ಸುತ್ತ ಗಂಡ ಹೆಂಡತಿ ವಾರವಾರವೂ ಸುತ್ತುತ್ತಿದ್ದಾರೆ. ನಾನು ಅವರ ಜಾಗದಲ್ಲಿದ್ದರೂ ಹರಕೆಯೆಂದೇ ತಿಳಿಯುತ್ತಿದ್ದೆ.

ಐದನೆಯ ಗುರುವಾರ ಹೋಗಿ ನೋಡಿದರೆ ನಡುವಿನ ಕಲ್ಲಿಗೆ ಕುಂಕುಮ. ಆರನೆಯ ಗುರುವಾರ ಒಡೆದ ತೆಂಗಿನಕಾಯಿ, ಹಸಿರು ಬಳೆ. ಏಳನೆಯ ಗುರುವಾರ ಒಬ್ಬ ಮುದುಕ ಅದರ ಪಕ್ಕದಲ್ಲಿ ಕಂಬಳಿ ಹಾಸಿ ಕೂತೇಬಿಟ್ಟಿದ್ದ. ಎಲ್ಲಿಯವನೋ ಗೊತ್ತಿಲ್ಲ. ಕಾರು ಬಂದದ್ದೇ ಎದ್ದು ಕೋಲು ಅಡ್ಡ ಹಿಡಿದ.

"ಸಾವಕಾರ್ರ, ಭಕ್ತಿ ಛಲೋ ಅದ ನಿಮ್ಮದು. ಖರೇ ಸುತ್ತೂದು ತಪ್ಪಾಕತ್ತದ. ದೇವರನ್ನ ಬಲಕ್ಕ ಹಾಕಿ ಸುತ್ತಬೇಕು. ನೀವು ಎಡಕ್ಕ ಹಾಕಿ ಹೋಗ್ತೀರಿ. ಅದು ಹೆಣದ ಮುಂದ ಮಾಡೂದು."

"ಮುತ್ಯಾ, ಇದು ದೇವರಲ್ಲ. ನಾನೇ ಸುಣ್ಣ ಹಚ್ಚಿಸಿದ ಕಲ್ಲು," ಎಂದರು ನಮ್ಮವರು.

"ಸುಣ್ಣ ನೀವು ಹಚ್ಚಿಸಿರಬಹುದ್ರಿ. ಕಲ್ಲು ನೀವು ಮಾಡೀರೇನು?"

ನಮ್ಮವರ ಎದೆಯ ಮೇಲೆ ಲಿಂಗವಿದೆ. ಕಲ್ಲುದೇವರ ಬಗ್ಗೆ ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಮುದುಕನ ಹಿಂದೆ ಆಗಲೇ ಹದಿನೈದು ಜನ ಕೈಮುಗಿದು ನಿಂತಿದ್ದರು. ಅದರಲ್ಲಿ ನಾಲ್ವರು ನಮ್ಮ ಅಂಗಡಿಗೆ ಮಾಲು ತರುವವರು. ಗಿರಾಕಿಯ ದೇವರಿಗೆ ಇಲ್ಲ ಅನ್ನುವ ಅಡತಿಯವನನ್ನು ನಾನಂತೂ ನೋಡಿಲ್ಲ.

"ಈಗೇನು ಮಾಡೂದೋ?" ಎಂದು ಮಿಸ್ತ್ರಿಯನ್ನು ಕೇಳಿದರು.

"ರೈಟೋ ಲೆಫ್ಟೋ, ತಿರುವು ತಿರುವೇ ಸಾವಕಾರ್ರ. ಮಂದಿ ಜೋಡಿ ತಕರಾರ್ ಯಾಕ? ಎಲ್ಲಾ ಬಲಕ್ಕ ಹಾಕಿ ಸುತ್ರಿ."

ಅಲ್ಲಿಂದ ಮುಂದೆ ಎರಡು ತಿಂಗಳು ನಾವು ಬಲಕ್ಕೇ ಸುತ್ತಿದೆವು. ಒಂಬತ್ತು ಕಲ್ಲಿಗೂ ಆಗ ಕುಂಕುಮ ಬಂದಿತ್ತು. ಒಂದೊಂದು ಕಲ್ಲನ್ನೂ ಬಲಕ್ಕೆ ಹಾಕಿ ಒಂದು ಪೂರ್ತಿ ಸುತ್ತು, ಆಮೇಲೆ ಮುಂದಿನದು. ಮುದುಕ ಎಣಿಸುತ್ತಿದ್ದ. ನಮ್ಮವರ ಕೈ ಪಳಗಿತು. ಕಣ್ಣು ಮುಚ್ಚಿದರೂ ಕಾರು ಬಲಕ್ಕೆ ಹೊರಳುತ್ತಿತ್ತು. ಟೈಮ್ ಕೂಡ ಇಳಿಯಿತು. ಜನ ಚದುರಿದ ಮೇಲೆ ನಾನೂ ಒಂದೆರಡು ಸುತ್ತು ಹೊಡೆಯುತ್ತಿದ್ದೆ. ಎಡಕ್ಕೆ ತಿರುಗಿಸುವುದನ್ನು ಮರೆಯುತ್ತಿದ್ದೇವೆ ಎಂದು ಮೂವರಲ್ಲಿ ಒಬ್ಬರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ, ಶಾಣ್ಯಾಕಿಯಂತೆ ಈಗ ಹೇಳಿದರೆ ಸುಳ್ಳಾಗುತ್ತದೆ.

ಸುದ್ದಿ ಭಾವನ ಕಿವಿಗೆ ಬಿತ್ತು. ಭಾವ ಎಂದರೆ ನಮ್ಮವರ ಅಣ್ಣ, ಮನೆಯ ಯಜಮಾನರು. ಪ್ರತಿ ವರ್ಷ ಬಸವ ಜಯಂತಿಯ ದಿನ ವೇದಿಕೆಯ ಮೇಲೆ ನಿಂತು, ಕಲ್ಲಿಗೆ ಕೈ ಮುಗಿಯುವುದು ಅಜ್ಞಾನ ಎಂದು ಒಂದು ತಾಸು ಮಾತಾಡುವವರು. ಈಗ ಅವರದೇ ಹೊಲದಲ್ಲಿ, ಅವರ ತಮ್ಮನೇ ಒಂದಲ್ಲ, ಒಂಬತ್ತು ದೇವರನ್ನು ಹುಟ್ಟಿಸಿದ್ದ.

ನಮ್ಮ ಕಡೆ ಸೊಸೆ ಭಾವನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಹಿಂದೆ ನಿಲ್ಲುತ್ತೇವೆ. ಹೇಳುವುದಿದ್ದರೆ ನಡುವೆ ಕೂತ ಅತ್ತೆಗೆ ಹೇಳುತ್ತೇವೆ, ಅತ್ತೆ ಅದನ್ನು ಅವರಿಗೆ ಹೇಳುತ್ತಾಳೆ. ಇಬ್ಬರಿಗೂ ಎಲ್ಲಾ ಕೇಳಿಸುತ್ತಿರುತ್ತದೆ. ಅವತ್ತು ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

"ಆ ಕಾರು ನಾಳೆನೇ ಮಾರೂದು," ಎಂದರು ಭಾವ.

"ಅಣ್ಣಾ, ಮುಂದಿನ ವಾರ ಗುಲ್ಬರ್ಗಾದಾಗ ಅದ. ಹೆಸರು ಕೊಟ್ಟೇನಿ. ಫಸ್ಟ್ ಬರ್ತೇನಿ," ಎಂದರು ನಮ್ಮವರು. ಊರಿಗೆಲ್ಲ ಹೇಳಿಕೊಂಡು ಬಂದಿದ್ದರು, ಬೇರೆ ದಾರಿ ಇರಲಿಲ್ಲ.

ಭಾವ ತಾಯಿಯ ಕಡೆ ತಿರುಗಿದರು. "ಆತು. ಫಸ್ಟ್ ಬಂದ್ರ ಕಾರು ಮನ್ಯಾಗ ಇರ್ಲಿ, ನಾ ಕೇಳೂದಿಲ್ಲ. ಕಡೀಕ ಬಂದ್ರ ಮರುದಿನಾ ಮಾರೂದು. ನಡುವ ಬಂದ್ರ ನೋಡೂಣು. ಯವ್ವನ ಮುಂದ ಹೇಳೇನಿ, ಮಾತು ಮಾತೇ."

ನನ್ನ ಗುರುವಾರಗಳು ಈಗ ಗಂಡನ ಕೈಯಲ್ಲಿದ್ದವು. ಅದೇ ನನಗೆ ಚಿಂತೆ.

ಗುಲ್ಬರ್ಗಾಕ್ಕೆ ನಾವಿಬ್ಬರೂ ಕಾರಿನಲ್ಲಿ, ಮಿಸ್ತ್ರಿ ಬಸ್ಸಿನಲ್ಲಿ. ಊರ ಹೊರಗಿನ ಬಯಲಿನಲ್ಲಿ ಸುಣ್ಣದ ಗೆರೆ, ಡಾಂಬರಿನ ಖಾಲಿ ಡಬ್ಬಿ, ಒಂದು ಶಾಮಿಯಾನ, ಒಂದು ಮೈಕು. ಹನ್ನೊಂದು ಗಾಡಿಗಳು ಬಂದಿದ್ದವು: ಎರಡು ಜೀಪು, ಉಳಿದದ್ದು ಮದುವೆಗೆ ಬಾಡಿಗೆ ಕೊಡುವಂಥ ಕಾರುಗಳು. ಚಂದ ನೋಡಿ ಕಪ್ ಕೊಡುವುದಾಗಿದ್ದರೆ ನಮ್ಮದಕ್ಕೇ ಬರುತ್ತಿತ್ತು. ಸ್ಪರ್ಧೆ ನಡೆಸುವವನು ಹೈದರಾಬಾದಿನ ಕಡೆಯ ಒಬ್ಬ ದಪ್ಪ ಮನುಷ್ಯ, ತಲೆಗೆ ಟೊಪ್ಪಿಗೆ, ಕೊರಳಲ್ಲಿ ಗಡಿಯಾರ.

ಹಾದಿಯ ನಕಾಶೆಯನ್ನು ಒಂದು ಹಲಗೆಗೆ ಅಂಟಿಸಿದ್ದರು. ಬೇಕಾದವರು ಮೊದಲೊಮ್ಮೆ ನಡೆದು ನೋಡಬಹುದು ಎಂದು ಮೈಕಿನಲ್ಲಿ ಹೇಳಿದರು. ನಮ್ಮವರು ನಕಾಶೆಯನ್ನು ಒಮ್ಮೆ ನೋಡಿ, "ಗೊತ್ತಾತು," ಎಂದು ಹೋಗಿ, ಕಾರು ನೋಡಲು ಬಂದವರಿಗೆ ಅದರ ಎಂಜಿನ್ ತೋರಿಸುತ್ತ ನಿಂತರು. ನನಗೆ ಆ ನಕಾಶೆಯಲ್ಲಿ ಎರಡು ಬಾಣ, ನಾಲ್ಕು ಸೊನ್ನೆ ಬಿಟ್ಟರೆ ಏನೂ ತಿಳಿಯಲಿಲ್ಲ. ಅದಕ್ಕೇ ನಡೆದೆ. ಮೂರು ಸಲ ನಡೆದೆ. ಮೊದಲ ಡಬ್ಬಿ ಎಡಗೈಗೆ, ಎರಡನೆಯದು ಬಲಗೈಗೆ, ಮೂರನೆಯದನ್ನು ಎಡಕ್ಕೆ ಹಾಕಿ ಪೂರ್ತಿ ಸುತ್ತುವುದು, ಹೀಗೆ. ಗಂಡಸರು ನನ್ನನ್ನು ನೋಡಿ ಯಾರೋ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದುಕೊಂಡರು. ಒಬ್ಬ ಕೇಳಿಯೂ ಕೇಳಿದ: "ಏನ್ ಬಿದ್ದದ್ರಿ ಯವ್ವಾ? ಕಿವೀದು ಬೆಂಡೋಲಿ ಏನು?"

ನಮ್ಮವರ ಪಾಳಿ ಬಂತು. ನಿಶಾನೆ ಬಿತ್ತು, ಕಾರು ಚಿರತೆಯ ಹಾಗೆ ಹಾರಿತು. ಮೊದಲ ಡಬ್ಬಿಯನ್ನು ಬಲಕ್ಕೆ ಹಾಕಿ ಒಂದು ಸುತ್ತು. ಎರಡನೆಯದನ್ನು ಬಲಕ್ಕೆ ಹಾಕಿ ಒಂದು ಸುತ್ತು. ಮೂರನೆಯದನ್ನೂ ಹಾಗೇ. ಎಷ್ಟು ಅಚ್ಚುಕಟ್ಟಾಗಿ ಎಂದರೆ ಧೂಳು ಕೂಡ ದುಂಡಗೆ ಎದ್ದಿತು. ಒಂದು ಡಬ್ಬಿಗೂ ತಾಗಲಿಲ್ಲ. ಎಲ್ಲಾ ಡಬ್ಬಿಗಳಿಗೂ ಭಕ್ತಿಯಿಂದ ಒಂದೊಂದು ಪ್ರದಕ್ಷಿಣೆ ಹಾಕಿ ಕಾರು ಬಂದು ನಿಂತಿತು. ಜನ ಚಪ್ಪಾಳೆ ತಟ್ಟಲೋ ನಗಲೋ ತಿಳಿಯದೆ ಎರಡನ್ನೂ ಮಾಡಿದರು.

ದಪ್ಪ ಮನುಷ್ಯ ಬಂದು ಬಗ್ಗಿ ನೋಡಿದ. "ಸಾಹೇಬ್, ಇದು ಯಾವ ಹಾದಿ?"

"ಯಾಕ್ರಿ? ಡಬ್ಬಿ ಬಿದ್ದದೇನು?"

"ಡಬ್ಬಿ ಬಿದ್ದಿಲ್ಲ. ಹಾದಿ ಬಿದ್ದು ಹೋಗ್ಯದ. ಇದು ಲೆಕ್ಕಕ್ಕಿಲ್ಲ. ಇನ್ನೊಂದು ಚಾನ್ಸ್ ಅದ, ನಕ್ಷಾ ನೋಡಿಕೊಂಡು ಬರ್ರಿ."

ನಾನು ಓಡಿಹೋಗಿ ಹೇಳಿದೆ: "ಮೂರನೇದು ಎಡಕ್ಕರಿ. ಎಡಕ್ಕ."

"ಗೊತ್ತದ, ಸುಮ್ಕಿರು."

ಎರಡನೆಯ ಸಲ ಮೊದಲ ಎರಡು ಡಬ್ಬಿ ಸರಿಯಾಗಿ ದಾಟಿದರು. ಮೂರನೆಯದರ ಹತ್ತಿರ ಹೋದರು. ಕೈ ಎಡಕ್ಕೆ ಹೋಗಲು ನೋಡಿದ್ದು ದೂರದಿಂದಲೇ ನನಗೆ ಕಂಡಿತು. ಆದರೆ ಆ ಮುದುಕನ ಕೋಲು ಅವರ ಕಣ್ಣ ಮುಂದೆ ಬಂತೋ ಏನೋ, ಕಾರು ಬಲಕ್ಕೆ ಹೊರಳಿ, ಸಾವಕಾಶವಾಗಿ, ಅಡ್ಡಬೀಳುವುದೊಂದನ್ನು ಬಿಟ್ಟು ಉಳಿದ ಮರ್ಯಾದೆಯನ್ನೆಲ್ಲ ಆ ಡಬ್ಬಿಗೆ ಮಾಡಿತು. ನಿಶಾನೆಯವನು ಕೆಂಪು ಬಾವುಟ ಎತ್ತಿದ.

ಹಲಗೆಯ ಮೇಲೆ ಹೆಸರುಗಳನ್ನು ಬರೆದರು. ಎಲ್ಲರ ಕೆಳಗೆ ನಮ್ಮವರ ಹೆಸರು, ಅದರ ಮುಂದೆ ಅಂಕಿಯ ಬದಲು ಒಂದು ಗೆರೆ. ನಮ್ಮವರು ಶಾಮಿಯಾನದ ಕಂಬಕ್ಕೆ ಒರಗಿ ಕೂತರು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಅವರು ತಿನ್ನಲಿಲ್ಲ. ನಾನು ತಿಂದೆ, ಕಾರು ಹೋಗುವುದು ಖರೇ ಆದಮೇಲೆ ಹಸಿದುಕೊಂಡು ಏನು ಮಾಡುವುದು?

ಆಗ ಮೈಕಿನಲ್ಲಿ ಕೂಗಿದರು: ಹೆಂಗಸರಿಗೂ ಒಂದು ಸ್ಪರ್ಧೆ ಇದೆ, ಯಾರಾದರೂ ಇದ್ದರೆ ಬರಬೇಕು. ಯಾರೂ ಬರುವುದಿಲ್ಲ ಎಂದು ಕೂಗಿದವನಿಗೂ ಗೊತ್ತಿತ್ತು. ಕಾಗದದ ಮೇಲೆ ಅಚ್ಚಾಗಿತ್ತು, ಅದಕ್ಕೇ ಕೂಗಿದ.

ಮಿಸ್ತ್ರಿ ನನ್ನ ಕಡೆ ನೋಡಿದ. "ಅಮ್ಮಾ."

"ಏನೋ?"

"ಫಸ್ಟ್ ಬಂದ್ರ ಕಾರು ಇರ್ತದ ಅಂದಿದ್ರಲ್ಲ ದೊಡ್ಡ ಸಾವಕಾರ್ರು?"

ನಾನು ಕೈ ತೊಳೆದುಕೊಂಡು ಎದ್ದೆ. ಧೈರ್ಯ ಗೀರ್ಯ ಏನೂ ಇಲ್ಲ. ಆದರೆ ಮುಂದಿನ ಗುರುವಾರ ಅತ್ತೆಯ ಜೊತೆ ಕೂತು ಅವರೆಕಾಯಿ ಬಿಡಿಸುವುದನ್ನು ನೆನೆಸಿಕೊಂಡರೆ ಇದೇ ವಾಸಿ ಅನಿಸಿತು. ನಮ್ಮವರು ಬೀಗದ ಕೈ ಕೊಟ್ಟರು.

ದಪ್ಪ ಮನುಷ್ಯನಿಗೆ ನನ್ನ ಸೆರಗು ನೋಡಿ ಅನುಮಾನ. "ಅಮ್ಮಾ, ಲೈಸನ್ಸ್ ಅದೇನ್ರಿ?"

"ಇಲ್ರಿ."

"ಮೈದಾನಕ್ಕ ಲೈಸನ್ಸ್ ಯಾಕ ಸಾಹೇಬ್?" ಎಂದ ಮಿಸ್ತ್ರಿ. "ಡಬ್ಬಿ ಏನು ಪೊಲೀಸರೇನು?"

ಹೆಂಗಸರಿಗೆಂದು ತಂದ ಕಪ್ ಮರಳಿ ಹೊತ್ತುಕೊಂಡು ಹೋಗುವುದು ದಪ್ಪ ಮನುಷ್ಯನಿಗೂ ಬೇಡವಾಗಿತ್ತು. "ಜಾಯಿಯೇ, ಹೋಗ್ರಿ," ಅಂದ.

ನಾನು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಹೊಡೆದೆ. ಬಾಯಿಯೊಳಗೇ ಎಡ, ಬಲ, ಎಡ ಎಂದು ಹೇಳಿಕೊಂಡೆ. ಮೂರನೆಯ ಡಬ್ಬಿಯ ಹತ್ತಿರ ನನ್ನ ಕೈ ಕೂಡ ಬಲಕ್ಕೆ ಎಳೆಯಿತು. ಎರಡು ತಿಂಗಳ ಚಟ. ಎತ್ತಿನ ಮೂಗುದಾರ ಎಳೆದ ಹಾಗೆ ಚಕ್ರವನ್ನು ಎಡಕ್ಕೆ ಜಗ್ಗಿದೆ. ಡಬ್ಬಿ ಒಂದೂ ಬೀಳಲಿಲ್ಲ. ಬೀಳುವಷ್ಟು ಜೋರಾಗಿ ನಾನು ಹೋಗಲೂ ಇಲ್ಲ. ಗೆರೆ ದಾಟಿ ನಿಂತಾಗ ಟೈಮ್ ಓದಿದರು. ಗಂಡಸರ ಹಲಗೆಯಲ್ಲಿ ನನಗಿಂತ ನಿಧಾನ ಬಂದವನು ಒಬ್ಬನೇ ಇದ್ದ, ಅವನ ಕಾರು ನಡುವೆ ಒಮ್ಮೆ ಬಂದ್ ಬಿದ್ದು ನೂಕಬೇಕಾಗಿತ್ತು. ಹೀಗಾಗಿ ನನಗೇನೂ ಸೊಕ್ಕು ಬರಲಿಲ್ಲ. ಆದರೆ ಹೆಂಗಸರಲ್ಲಿ ನಾನೇ ಮೊದಲು. ಹಿತ್ತಾಳೆಯ ಕಪ್ ಕೊಟ್ಟರು. ಪಾವು ಜೋಳ ಹಿಡಿಯುವಷ್ಟು ಇತ್ತು.

ಮನೆಗೆ ಬಂದಾಗ ಭಾವ ಪಡಸಾಲೆಯಲ್ಲಿ ಕಾಯುತ್ತಿದ್ದರು. ನಾನು ಬಾಗಿಲ ಹಿಂದೆ ಹೋದೆ. ನಮ್ಮವರು ಕಪ್ಪನ್ನು ಅಣ್ಣನ ಮುಂದಿಟ್ಟು, ನಡೆದದ್ದನ್ನು ಇದ್ದ ಹಾಗೆ ಹೇಳಿದರು. ಅವರದು ಸುಳ್ಳು ಹೇಳುವ ಬಾಯಲ್ಲ, ಅದನ್ನು ಒಪ್ಪಬೇಕು. ನಾನು ಕಾರು ಹೊಡೆದೆ ಎಂಬಲ್ಲಿ ಅತ್ತೆ "ಅಯ್ಯ ಶಿವನ!" ಎಂದು ಗದ್ದಕ್ಕೆ ಕೈ ಹಚ್ಚಿದಳು.

ಭಾವ ಕಪ್ಪನ್ನು ಬೋರಲು ಹಾಕಿ ನೋಡಿದರು. "ಹೆಂಗಸರು ಎಷ್ಟು ಮಂದಿ ಇದ್ರು ಅಂತ ಕೇಳವ್ವ."

"ಎಷ್ಟು ಮಂದಿ ಇದ್ರ ಬೇ?"

"ನಾ ಒಬ್ಬಾಕಿನೇರಿ."

"ಒಬ್ಬಾಕಿನೇ ಇದ್ಲಂತ."

"ಹಂಗಾರ ಫಸ್ಟೂ ಆಕಿನೇ, ಕಡೀಕೂ ಆಕಿನೇ. ಗಂಡನೂ ಕಡೀಕ. ಮಾತು ಮಾತೇ. ಮಾರೂದು ಅಂತ ಹೇಳು."

"ಕೇಳಿದೇನು? ಮಾರೂದಂತ."

ಹದಿನೆಂಟು ವರ್ಷ ನಾನು ಆ ಬಾಗಿಲ ಹಿಂದೆ ಹೂಂ ಎಂದವಳೇ ಹೊರತು ಎದುರಾಡಿದವಳಲ್ಲ. ಅವತ್ತು ಆಡಿದೆ. "ಕಡೀಕ ಬರಬೇಕಂದ್ರ ಮುಂದ ಒಬ್ಬರರೆ ಇರಬೇಕಲ್ಲ ಅಂತ ಕೇಳ್ರಿ ಅತ್ತಿ."

ಅತ್ತೆ ಹೇಳುವ ಮೊದಲೇ ಭಾವ ಅಂದರು: "ಫಸ್ಟ್ ಬರಬೇಕಂದ್ರ ಹಿಂದ ಒಬ್ಬರರೆ ಇರಬೇಕು ಅಂತ ಹೇಳವ್ವ."

"ಹಿಂದ ಇದ್ರಲ್ಲರಿ," ಎಂದೆ. "ಅವರ ತಮ್ಮ ಇದ್ರು."

ಈ ಮಾತನ್ನು ಅತ್ತೆ ದಾಟಿಸಲಿಲ್ಲ. ದಾಟಿಸುವುದು ಬೇಕಾಗಿಯೂ ಇರಲಿಲ್ಲ. ಮೊದಲು ಅವಳ ಹೊಟ್ಟೆ ಕುಲುಕಿತು. ಆಮೇಲೆ ಭಾವ ಕೆಮ್ಮಿದರು; ಅವರ ನಗೆ ಹಾಗೇ ಇರುತ್ತಿತ್ತು. ನಮ್ಮವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬಾಗಿಲ ಸಂದಿನಲ್ಲಿ ಅವರ ಬೆನ್ನು ಕಂಡಿತು. ಬೇರೆ ಮಾತು ಇತ್ತೇನೋ, ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನೇ ಆಡುತ್ತಿದ್ದೆ.

ತೀರ್ಪು ಕೊಟ್ಟವಳು ಅತ್ತೆ. "ಕಾರು ಇರ್ಲಿ ಬಿಡೋ. ಖರೇ ಕಡೀಕ ಬಂದಾವ ಅದನ್ನ ಮುಟ್ಟೂದು ಬ್ಯಾಡ. ಫಸ್ಟ್ ಬಂದಾಕಿ ಹೊಡೀಲಿ."

ಭಾವ ಯೋಚಿಸಿದರು. ಮಾತೂ ಉಳಿಯಿತು, ತಮ್ಮ ಮತ್ತೆ ಯಾವ ಕಲ್ಲನ್ನೂ ಸುತ್ತದ ಹಾಗೂ ಆಯಿತು. "ಆತು," ಅಂದರು.

ಹೀಗೆ ನಾನು ಗೆದ್ದೆ. ಲೈಸನ್ಸ್ ಮಾಡಿಸಿಕೊಟ್ಟರು. ಅದು ಬಂದ ಮೇಲಿನ ಗುರುವಾರ ಮಧ್ಯಾಹ್ನ ಸೆರಗು ಸರಿಮಾಡಿಕೊಂಡು, ಬೀಗದ ಕೈ ಹಿಡಿದು ಅಂಗಳಕ್ಕೆ ಬಂದೆ. ನಮ್ಮವರನ್ನು ಕರೆದೆ. "ನನಗ ಅಂಗಡ್ಯಾಗ ಕೆಲಸ ಅದ," ಎಂದರು. ಗುರುವಾರ ಅಂಗಡಿಗೆ ರಜೆ ಎಂದು ನಾನು ನೆನಪಿಸಲಿಲ್ಲ. ಅವರು ಆ ಕಾರಿನಲ್ಲಿ ನನ್ನ ಪಕ್ಕಕ್ಕೆ ಮತ್ತೆಂದೂ ಕೂಡಲಿಲ್ಲ. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಊಟಕ್ಕೆ ರೊಟ್ಟಿ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ಕೂಡಲಿಲ್ಲ, ಅಷ್ಟೆ.

ಕಾರಿನ ಬಾಗಿಲು ತೆಗೆದರೆ ಪಕ್ಕದ ಸೀಟಿನಲ್ಲಿ ಅತ್ತೆ ಕೂತಿದ್ದಳು. ಎಲೆಯಡಿಕೆ ಚೀಲ ತೊಡೆಯ ಮೇಲೆ, ಊರುಗೋಲು ಕಾಲ ನಡುವೆ. ಯಾವಾಗ ಬಂದು ಇಳಿದು ಕೂತಿದ್ದಳೋ.

"ಜೇವರ್ಗಿಗೆ ನಡಿ," ಅಂದಳು. ಅದು ಅವಳ ತವರು. ಬಸ್ಸು ಹತ್ತಿದರೆ ವಾಂತಿಯಾಗುತ್ತದೆ ಎಂದು ಹತ್ತು ವರ್ಷದಿಂದ ಹೋಗಿರಲಿಲ್ಲ. "ಇದಕ್ಕ ಮ್ಯಾಲ ತಗಡ ಇಲ್ಲ, ಗಾಳಿ ಬರ್ತದ. ವಾಂತಿ ಆಗೂದಿಲ್ಲ."

ಆಗಲಿಲ್ಲ. ಅವತ್ತು ಆಗಲಿಲ್ಲ, ಆಮೇಲಿನ ಗುರುವಾರಗಳಲ್ಲೂ ಆಗಲಿಲ್ಲ. ಜೇವರ್ಗಿ ಮುಗಿದ ಮೇಲೆ ಆಳಂದ ಅಂದಳು, ಆಳಂದ ಮುಗಿದ ಮೇಲೆ ತಂಗಿಯ ಮನೆ, ತಂಗಿಯ ಮನೆಯ ಮೇಲೆ ತಂಗಿಯ ಮಗಳ ಮನೆ. ಬೆನ್ನು ನೋಡುವುದು ಮಾತ್ರ ತಪ್ಪಿತು. ಈಗ ಪಕ್ಕದಲ್ಲೇ ಇದ್ದಳು. ಐದು ವರ್ಷ ಆ ಕಾರು ಓಡಿತು, ಐದು ವರ್ಷವೂ ಆ ಸೀಟು ಅವಳದೇ. ಮೊದಲ ದಿನ ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು, ಅಷ್ಟೇ. ಹಿಂದಿನಿಂದ ಬಂದ ಜೇವರ್ಗಿಯ ಬಸ್ಸೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಅತ್ತೆ ಅದು ಮರೆಯಾಗುವ ತನಕ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಿಂಗ ಹೊಡದೇ ಫಸ್ಟ್ ಬಂದೇನ ಬೇ?"

ನಾನು ಗೇರು ಬದಲಿಸಿದೆ.